ಬೇಸಿಗೆಯೂ ಅಂಟುಜಾಡ್ಯವೂ

ಶಿವರಾತ್ರಿಗೆ ಚಳಿಯು ಶಿವ ಶಿವಾ ಎಂದು ಓಡಿಹೋಗುವದೆಂಬುದು ನಮ್ಮಲ್ಲಿ ಮನೆಮಾತು. ಚಳಿಯ ಬೆನ್ನಿಗೇ ನೆಗಡಿ, ಕೆಮ್ಮು, ಜ್ವರಗಳೂ ಹೊರಟುಹೋಗುವವೆಂಬ ನಂಬಿಗೆಯು ಅದಕ್ಕೆ ಜೊತೆಗೂಡಿದೆ. ಈ ನಂಬಿಗೆಯು ಬುಡವಿಲ್ಲದ್ದಲ್ಲ. ಆದರೆ 2020ನೆಯ ಇಸವಿಯ ವಸಂತದಲ್ಲಿ ಈ ಮನೆಮಾತು ಹೊಸ್ತಿಲನ್ನು ದಾಟಿ ರಾಜಕಾರಣದ ಮಾತಾಯಿತು. ಅಮೇರಿಕೆಯ ಅಧ್ಯಕ್ಷ ಡೊನಾಲ್ಡ್ ಟ್ರಂಪ್‌ರು ಆ ವರ್ಷದ ಫೆಬ್ರುವರಿಯಲ್ಲಿ, ಎಪ್ರಿಲ್ ತಿಂಗಳ ಬೆಚ್ಚಗಿನ ಹವೆ ಬಂದೊಡನೆ ಕೊರೋನಾ ಜಾಡ್ಯವು ಮಾಯವಾಗುವ ಸಂಭವವಿದೆಯೆಂದು ಬಹಿರಂಗವಾಗಿ ನುಡಿದರು. ನಮ್ಮ ದೇಶದಲ್ಲಿಯೂ, ಇಷ್ಟು ಡಿಗ್ರಿ ಬಿಸಿಲಿಗೆ ಆ ವಿಷಾಣುವು ಸಾಯುವದೆಂಬ ಸುದ್ದಿಯು ಕೈಯಿಂದ ಕೈಗೆ ಹರಿದಾಡಿತು. ಇದನ್ನು ನಂಬಿ ಕುಳಿತಿರಬೇಡಿರೆಂದು ಜಾಗತಿಕ ಆರೋಗ್ಯ ಸಂಸ್ಥೆಯು ಪ್ರಕಟನೆ ಹೊರಡಿಸಬೇಕಾಯಿತು. ನಂಬಿಗೆಯಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬದನ್ನು ವಿಚಾರಿಸುವದು ಈಗ ಶಾಂತಕಾಲದಲ್ಲಿ ಹೆಚ್ಚು ಸುಲಭ. ಜಾಡ್ಯವು ಬಾಗಿಲಿಗೆ ಬಂದಾಗ ವಿಚಾರ ಮಾಡುವ ವ್ಯವಧಾನ ಯಾರಿಗಿರುತ್ತದೆ?

ನಮ್ಮ ಅನುಭವವನ್ನೇ ಮೊದಲು ನೋಡೋಣ. ಭಾರತದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲನೆಯ ಮರಣವು ಹಿಮಾಲಯದ ತಪ್ಪಲಿನ ಯಾವದೋ ತಣ್ಣನೆಯ ಊರಿನಲ್ಲಿ ಆದುದಲ್ಲ. 2020ರ ಮಾರ್ಚ್ 10ರಂದು ತೀರಿಕೊಂಡ ಆ ವೃದ್ಧರು ಬಿಸಿಲ ನಾಡೆಂದೇ ಹೆಸರಾದ ಕಲಬುರ್ಗಿಯವರು. ಅಲ್ಲಿಂದ ಮುಂದೆ ದೇಶವು ಬೇಸಿಗೆಯನ್ನೆಲ್ಲ ಬಾಗಿಲು ಹಾಕಿಕೊಂಡು ಕಳೆಯಿತು. ಮಳೆಗಾಲವು ಮುಗಿಯುತ್ತ ಬಂದ ಸಪ್ಟಂಬರದ ಮಧ್ಯದಲ್ಲಿ ಜಾಡ್ಯವು ಶಿಖರಕ್ಕೇರಿ, ದಿನವೊಂದಕ್ಕೆ 97 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ದಾಖಲಾದರು. ಚಳಿಗಾಲದಲ್ಲಿ ಅದು ಹೆಚ್ಚಬೇಕಾಗಿತ್ತಲ್ಲವೆ? ಹೆಚ್ಚಲಿಲ್ಲ, ಇಳಿಯಿತು. 2021ರ ಫೆಬ್ರುವರಿಯ ಪೂರ್ವಾರ್ಧದಲ್ಲಿ ದಿನದ ಸಂಖ್ಯೆಯು ಹತ್ತು-ಹನ್ನೆರಡು ಸಾವಿರದ ಸುತ್ತು ನಿಂತಿತು. ಗಂಡಾಂತರ ಕಳೆಯಿತೆಂದು ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಆಮೇಲೆ ಬಿಸಿಲೇರಿತು, ಬಿಸಿಲಿನ ಜೊತೆಗೇ ರೋಗವೂ ಏರಿತು. ಮೇ ತಿಂಗಳ ಮೊದಲ ವಾರದಲ್ಲಿ, ಉತ್ತರ ಹಿಂದುಸ್ಥಾನದಿಂದ ದಖ್ಖಣದ ವರೆಗೆ ನೆಲವೆಲ್ಲ ಕಾದಿರುವ ಹೊತ್ತಿನಲ್ಲಿ, ಒಂದೇ ದಿನಕ್ಕೆ 4 ಲಕ್ಷ 14 ಸಾವಿರಕ್ಕೂ ಹೆಚ್ಚು ರೋಗಿಗಳು! ಕರ್ನಾಟಕವೊಂದರಲ್ಲಿಯೇ ಮೇ 5ರಂದು ಆ ಸಂಖ್ಯೆಯು 50 ಸಾವಿರವನ್ನು ದಾಟಿತು. ಪ್ರಾಣವಾಯುವಿಗಾಗಿ ಜನರು ಊರೂರು ಅಲೆದದ್ದು, ಸ್ಮಶಾನಗಳಲ್ಲಿ ಸರತಿ ನಿಂತದ್ದು ಇದೇ ಬೇಸಿಗೆಯಲ್ಲಿ. ಮೂರನೆಯ ಅಲೆಯು 2022ರ ಜನವರಿಯಲ್ಲಿ, ಅಪ್ಪಟ ಚಳಿಯಲ್ಲಿ ಬಂದು, ದಿನಕ್ಕೆ 3 ಲಕ್ಷ 47 ಸಾವಿರದ ಮೇಲೆ ಹೋಯಿತು. ಒಂದು ಶಿಖರ ಮಳೆಗಾಲದ ಕೊನೆಗೆ, ಒಂದು ಬೇಸಿಗೆಗೆ, ಒಂದು ಚಳಿಗೆ. ಋತುವನ್ನು ನೋಡಿ ಜಾಡ್ಯದ ಭವಿಷ್ಯವನ್ನು ನುಡಿಯಹೊರಟವನಿಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇರೆ ಬೇಕಾಗಿಲ್ಲ.

ಹಾಗಾದರೆ ಬಿಸಿಲಿಗೂ ವಿಷಾಣುವಿಗೂ ಸಂಬಂಧವೇ ಇಲ್ಲವೆಂದು ತೀರ್ಮಾನಿಸಬಹುದೆ? ಅದೂ ತಪ್ಪು. ಸಂಬಂಧವುಂಟೆಂಬದನ್ನು ಪ್ರಯೋಗಶಾಲೆಗಳು ಸ್ಪಷ್ಟವಾಗಿ ತೋರಿಸಿಕೊಟ್ಟಿವೆ. ಇನ್‌ಫ್ಲುಯೆಂಝಾ, ಕೊರೋನಾ ಮೊದಲಾದ ವಿಷಾಣುಗಳಿಗೆ ಜಿಡ್ಡಿನ ತೆಳುವಾದ ಹೊದಿಕೆಯೊಂದಿರುತ್ತದೆ. ಶಾಖಕ್ಕೂ ಸೂರ್ಯನ ನೇರಳಾತೀತ ಕಿರಣಗಳಿಗೂ ವಿಷಾಣುವು ಬೇಗನೆ ಕೆಡುತ್ತದೆ. 2003ರಲ್ಲಿ ಹಬ್ಬಿದ ಸಾರ್ಸ್ ಜಾಡ್ಯದ ವಿಷಾಣುವನ್ನು ಮುಂದೆ ಪರೀಕ್ಷಿಸಿದಾಗ, ಅದು 22ರಿಂದ 25 ಡಿಗ್ರಿಯ ಸಾಧಾರಣ ಒಣ ಹವೆಯಲ್ಲಿ ನುಣುಪಾದ ವಸ್ತುವಿನ ಮೇಲೆ ಐದು ದಿನಗಳಿಗಿಂತಲೂ ಹೆಚ್ಚು ಕಾಲ ಸಜೀವವಾಗಿರುವದೆಂದೂ, 38 ಡಿಗ್ರಿಯ ಬೆವರಿಳಿಸುವ ಆರ್ದ್ರ ಹವೆಯಲ್ಲಿ ಬೇಗನೆ ನಾಶವಾಗುವದೆಂದೂ ಕಂಡುಬಂದಿತು. ಇಷ್ಟು ಓದಿದವನು, "ನಮ್ಮ ಮಂಗಳೂರಿನ ಬೇಸಿಗೆಯಲ್ಲಿ ಇದರ ಆಟ ನಡೆಯದು" ಎಂದು ಹಿಗ್ಗಿದರೆ ಅವನನ್ನು ದೂರುವಂತಿಲ್ಲ.

ಆದರೆ ಇನ್ನೊಂದು ಪ್ರಯೋಗವನ್ನು ವಾಚಕರು ಲಕ್ಷ್ಯದಲ್ಲಿಡಬೇಕೆಂದು ನಮ್ಮ ವಿನಂತಿ. ನ್ಯೂಯಾರ್ಕಿನ ಕೆಲವು ಪಂಡಿತರು 2007ರಲ್ಲಿ ಗಿನಿ ಹಂದಿಗಳೆಂಬ ಚಿಕ್ಕ ಪ್ರಾಣಿಗಳ ಮೇಲೆ ಇನ್‌ಫ್ಲುಯೆಂಝಾದ ಹರಡುವಿಕೆಯನ್ನು ಪರೀಕ್ಷಿಸಿದರು. ರೋಗ ತಗುಲಿದ ಪ್ರಾಣಿಯನ್ನು ಒಂದು ಪಂಜರದಲ್ಲಿಯೂ ಆರೋಗ್ಯವಂತ ಪ್ರಾಣಿಯನ್ನು ಬದಿಯ ಪಂಜರದಲ್ಲಿಯೂ ಇಟ್ಟು, ಎರಡಕ್ಕೂ ಗಾಳಿಯೊಂದೇ ಸಂಬಂಧವಾಗುವಂತೆ ಏರ್ಪಡಿಸಿದರು. 5 ಡಿಗ್ರಿಯ ಚಳಿಯಲ್ಲಿ ರೋಗವು ಚೆನ್ನಾಗಿ ಹರಡಿತು. 20 ಡಿಗ್ರಿಯಲ್ಲಿ ಹವೆ ಒಣಗಿದ್ದರೆ ಹರಡಿತು, ತೇವಾಂಶವು ಬಹಳವಾದರೆ ನಿಂತಿತು. 30 ಡಿಗ್ರಿಯಲ್ಲಿ ಗಾಳಿಯ ಮೂಲಕ ಹರಡಲೇ ಇಲ್ಲ. ಬೇಸಿಗೆಯ ಪಕ್ಷದವರಿಗೆ ಇದಕ್ಕಿಂತ ದೊಡ್ಡ ಜಯವೆಲ್ಲಿಯದು? ಆದರೆ ಮರುವರ್ಷ ಅದೇ ಪಂಡಿತರು ಅದೇ 30 ಡಿಗ್ರಿಯಲ್ಲಿ ಎರಡೂ ಪ್ರಾಣಿಗಳನ್ನು ಒಂದೇ ಪಂಜರದೊಳಗೆ ಕೂಡಿಹಾಕಿದರು. ಆಗ ರೋಗವು ತಂಪಿನಲ್ಲಿ ಹರಡುವಷ್ಟೇ ಸಲೀಸಾಗಿ ಒಂದರಿಂದ ಇನ್ನೊಂದಕ್ಕೆ ದಾಟಿತು! ಶಾಖವು ದೂರದಿಂದ ಬರುವ ವಿಷಾಣುವನ್ನು ತಡೆಯಿತು. ಮಗ್ಗುಲಲ್ಲಿದ್ದ ರೋಗಿಯನ್ನು ತಡೆಯಲಿಲ್ಲ. ನಮ್ಮ ಮನೆ, ಕಚೇರಿ, ಮೋಟಾರುಬಸ್ಸು, ಮದುವೆಯ ಛತ್ರಗಳು ಈ ಎರಡು ಏರ್ಪಾಡುಗಳಲ್ಲಿ ಯಾವದನ್ನು ಹೋಲುತ್ತವೆಂಬದನ್ನು ವಾಚಕರೇ ಹೇಳಲಿ.

ಇನ್ನೊಂದು ಕಾರಣವೂ ಉಂಟು, ಅದೇ ಮುಖ್ಯವಾದದ್ದು. ಗಣಿತಕ್ಕೆ ಮೂಗು ಮುರಿಯುವ ವಾಚಕರು ಒಂದು ನಿಮಿಷ ಸೈರಿಸಿಕೊಳ್ಳಬೇಕು. ಜನರು ಅನೇಕ ವರ್ಷ ಅನುಭವಿಸಿ, ದೇಹದಲ್ಲಿ ಅಷ್ಟಿಷ್ಟು ಪ್ರತಿರೋಧವನ್ನು ಗಳಿಸಿಕೊಂಡ ಹಳೆಯ ಜ್ವರವೊಂದಿದೆಯೆಂದು ಭಾವಿಸಿರಿ. ಅಂಥ ಜ್ವರದ ಹತ್ತು ರೋಗಿಗಳು ಹನ್ನೆರಡು ಜನರಿಗೆ ಅದನ್ನು ಅಂಟಿಸುತ್ತಾರೆ. ಬೇಸಿಗೆಯು ಹರಡುವಿಕೆಯಲ್ಲಿ ನಾಲ್ಕನೆಯ ಒಂದು ಪಾಲನ್ನು ಕಡಿಮೆ ಮಾಡಿದರೆ ಹನ್ನೆರಡು ಒಂಬತ್ತಾಗುತ್ತದೆ. ಹತ್ತು ಜನರಿಂದ ಒಂಬತ್ತು, ಒಂಬತ್ತರಿಂದ ಎಂಟು, ಹೀಗೆ ಕರಗುತ್ತ ಕರಗುತ್ತ ರೋಗವು ಊರು ಬಿಡುತ್ತದೆ. ನಮ್ಮ ಹಿರಿಯರು ಕಂಡದ್ದು ಇದನ್ನೇ. ಇನ್ನು ಯಾರ ದೇಹವೂ ಹಿಂದೆಂದೂ ಅರಿಯದ ಹೊಸ ಜಾಡ್ಯವನ್ನು ತೆಗೆದುಕೊಳ್ಳಿರಿ. ಅದರ ಹತ್ತು ರೋಗಿಗಳು ಮೂವತ್ತು ಜನರಿಗೆ ಅಂಟಿಸುತ್ತಾರೆ. ಅದೇ ಬೇಸಿಗೆ ಅದೇ ನಾಲ್ಕನೆಯ ಪಾಲನ್ನು ಕಡಿಮೆ ಮಾಡಿದರೂ ಇಪ್ಪತ್ತೆರಡು ಮಂದಿಗೆ ಅಂಟಿಯೇ ಅಂಟುತ್ತದೆ. ಬಿಸಿಲು ತನ್ನ ಕೆಲಸವನ್ನು ಎರಡು ಕಡೆಗೂ ಒಂದೇ ಸಮನಾಗಿ ಮಾಡಿತು. ಒಂದು ಕಡೆ ಬೆಂಕಿ ಆರಿತು, ಇನ್ನೊಂದು ಕಡೆ ತುಸು ನಿಧಾನವಾಗಿ ಉರಿಯಿತು. ತುಂತುರು ಮಳೆಯು ಹಸಿ ಸೊಪ್ಪಿನ ಕಿಚ್ಚನ್ನು ಆರಿಸಬಹುದು, ಒಣಹುಲ್ಲಿನ ಬಣವೆಗೆ ಹತ್ತಿದ ಉರಿಯನ್ನು ಆರಿಸೀತೆ? ಅಮೇರಿಕೆಯ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಶೋಧಕರು 2020ರ ಮೇ ತಿಂಗಳಲ್ಲಿಯೇ ಇದೇ ಮಾತನ್ನು ಲೆಕ್ಕಹಾಕಿ ಪ್ರಕಟಿಸಿದ್ದರು: ರೋಗಕ್ಕೆ ತುತ್ತಾಗಬಲ್ಲ ಜನರು ಹೇರಳವಾಗಿರುವ ವರೆಗೆ ಹವೆಯ ಪ್ರಭಾವವು ಅಲ್ಪವೆಂದು. 2021ರಲ್ಲಿ ಇದಕ್ಕೆ, ಮೊದಲಿಗಿಂತ ವೇಗವಾಗಿ ಹರಡುವ ಡೆಲ್ಟಾ ಎಂಬ ಹೊಸ ಅವತಾರವೂ ಕೂಡಿಕೊಂಡಿತು. ಒಣಹುಲ್ಲಿಗೆ ಗಾಳಿಯೂ ಬೀಸಿದಂತಾಯಿತು.

ಈ ಪಾಠವು ನಮಗೆ ಹೊಸದಾಗಿರಬೇಕಾಗಿರಲಿಲ್ಲ. 1918ರ ಇನ್‌ಫ್ಲುಯೆಂಝಾವು ಮುಂಬಯಿಯ ಬಂದರಿನಲ್ಲಿ ಕಾಣಿಸಿಕೊಂಡದ್ದು ಜೂನ್ ತಿಂಗಳಲ್ಲಿ. ಅದು ರುದ್ರರೂಪವನ್ನು ತಾಳಿ ಹಳ್ಳಿಹಳ್ಳಿಗಳನ್ನು ಬರಿದು ಮಾಡಿದ್ದು ಸಪ್ಟಂಬರ-ಅಕ್ಟೋಬರಗಳಲ್ಲಿ. ಇವೆರಡೂ ನಮ್ಮಲ್ಲಿ ಚಳಿಯ ತಿಂಗಳುಗಳಲ್ಲ. ಆ ಒಂದು ಜಾಡ್ಯದಿಂದ ಭಾರತದಲ್ಲಿ ಸತ್ತವರ ಸಂಖ್ಯೆಯನ್ನು ಅತಿ ಕಡಿಮೆಯಾಗಿ ಎಣಿಸುವವರೂ ಒಂದು ಕೋಟಿಗಿಂತ ಮೇಲೆಯೇ ಎಣಿಸುತ್ತಾರೆ. 2009ರಲ್ಲಿ ಬಂದ ಹಂದಿಜ್ವರವೂ ಹಾಗೆಯೇ. ಎಪ್ರಿಲ್‌ನಲ್ಲಿ ಮೆಕ್ಸಿಕೋದಲ್ಲಿ ಹುಟ್ಟಿದ ಸುದ್ದಿಯಾಗಿ, ಅಗಸ್ಟ್‌ದಲ್ಲಿ ಪುಣೆಯಲ್ಲಿ ಮೊದಲ ಬಲಿಯನ್ನು ತೆಗೆದುಕೊಂಡಿತು.

ಮತ್ತೆ ಬೇಸಿಗೆಯು ರೋಗವನ್ನು ಓಡಿಸುವದೆಂಬ ಗಟ್ಟಿ ನಂಬಿಗೆಯು ನಮ್ಮ ಊರುಗಳಲ್ಲಿ ಬೇರೂರಿದ್ದೆಲ್ಲಿಂದ? ಪ್ಲೇಗಿನ ನೆನಪೂ ಇದಕ್ಕೆ ಒಂದು ಕಾರಣವಾಗಿರಬಹುದೆಂದು ನಮಗೆ ತೋರುತ್ತದೆ. 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಬಂದ ಆ ಮಾರಿಯು ಕಡುಬೇಸಿಗೆಯಲ್ಲಿ ಇಳಿಮುಖವಾಗುತ್ತಿದ್ದುದು ನಿಜ. ಆದರೆ ಪ್ಲೇಗು ವಿಷಾಣುವಿನ ರೋಗವಲ್ಲ. ಇಲಿಯ ಚಿಕ್ಕಾಡಿನಿಂದ ಹರಡುವ ಬೇರೊಂದು ಜಾತಿಯ ಸೂಕ್ಷ್ಮಜೀವಿಯ ರೋಗ. ಒಣ ಶಾಖಕ್ಕೆ ಚಿಕ್ಕಾಡು ಬಹುಕಾಲ ಬದುಕುವದಿಲ್ಲ, ಆದ್ದರಿಂದ ರೋಗವು ಇಳಿಯುತ್ತಿತ್ತು. ಚಿಕ್ಕಾಡಿನ ಕಾಯದೆಯನ್ನು ಕೆಮ್ಮಿಗೆ ಅನ್ವಯಿಸಲಾಗದು.

ವಿಷಾಣುವಿನಿಂದಲೇ ಬರುವ ಸಿಡುಬಿನ ಕತೆಯು ಇದಕ್ಕೆ ತೀರ ವಿರುದ್ಧ. ನಮ್ಮ ದೇಶದಲ್ಲಿ ಅದು ಫೆಬ್ರುವರಿಯಿಂದ ಮೇ ವರೆಗಿನ ಒಣ ತಿಂಗಳುಗಳಲ್ಲಿಯೇ ಮೆರೆದು, ಮಳೆ ಬಿದ್ದ ಮೇಲೆ ಅಡಗುತ್ತಿತ್ತು. ಲಿಯೊನಾರ್ಡ್ ರಾಜರ್ಸ್ ಎಂಬ ಆಂಗ್ಲ ವೈದ್ಯರು 1926ರಲ್ಲಿಯೇ ಭಾರತದ ಹವೆಯ ಲೆಕ್ಕಗಳನ್ನೂ ಸಿಡುಬಿನ ಲೆಕ್ಕಗಳನ್ನೂ ಒತ್ತಟ್ಟಿಗಿಟ್ಟು, ಗಾಳಿಯಲ್ಲಿ ತೇವವು ಕಡಿಮೆಯಾದಾಗ ಸಿಡುಬು ಹೆಚ್ಚುವದೆಂದು ತೋರಿಸಿದ್ದರು. ಆ ಅರಿವು ಮುಂದೆ ಹೇಗೆ ಉಪಯೋಗಕ್ಕೆ ಬಂದಿತೆಂಬದು ನಮ್ಮ ಅಧಿಕಾರಿಗಳು ಮನನ ಮಾಡಬೇಕಾದ ವಿಷಯ. 1973ರಲ್ಲಿ ಸಿಡುಬನ್ನು ನಿರ್ಮೂಲ ಮಾಡಲು ಹೊರಟವರು, ಮಳೆಗಾಲದ ಕೊನೆಗೆ ರೋಗವು ಇಳಿದಿದೆಯೆಂದು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ವೈರಿಯು ದುರ್ಬಲನಾದ ಆ ತಿಂಗಳುಗಳನ್ನೇ ಆರಿಸಿಕೊಂಡು ಉತ್ತರ ಪ್ರದೇಶ, ಬಿಹಾರಗಳ ಮನೆಮನೆಗೂ ಹೋಗಿ ರೋಗಿಗಳನ್ನು ಹುಡುಕಿದರು. ಸುತ್ತಲಿನವರಿಗೆ ದೇವಿ ಹಾಕಿದರು. 1974ರ ಬೇಸಿಗೆಯಲ್ಲಿ ಬಿಹಾರದಲ್ಲಿ ರೋಗವು ಮತ್ತೊಮ್ಮೆ ಭಯಂಕರವಾಗಿ ಹೆಡೆಯೆತ್ತಿದರೂ ಅವರು ಹಿಡಿದ ದಾರಿಯನ್ನು ಬಿಡಲಿಲ್ಲ. 1975ರ ಮೇ ತಿಂಗಳ ನಂತರ ಭಾರತದಲ್ಲಿ ಸಿಡುಬಿನ ರೋಗಿಯೊಬ್ಬನೂ ಇಲ್ಲ.

ನಮ್ಮ ಬೇಸಿಗೆಯ ನಡೆವಳಿಕೆಯನ್ನೂ ತುಸು ನೋಡಿಕೊಳ್ಳಬೇಕು. ಶೀತದೇಶಗಳಲ್ಲಿ ಬೇಸಿಗೆಯೆಂದರೆ ಜನರು ಮನೆಯಿಂದ ಹೊರಬಿದ್ದು ಬಯಲಿನಲ್ಲಿ ಕಾಲ ಕಳೆಯುವ ಋತು. ನಮ್ಮಲ್ಲಿ ಹಾಗಲ್ಲ. ಹೊರಗೆ ಉರಿಬಿಸಿಲಿದ್ದಾಗ ನಾವು ಕಿಟಿಕಿ ಮುಚ್ಚಿ ಒಳಗೆ ಸೇರುತ್ತೇವೆ. ಜೊತೆಗೆ ಶಾಲೆಗಳಿಗೆ ಸೂಟಿ. ಮದುವೆ, ಮುಂಜಿವೆ, ಜಾತ್ರೆ, ತೇರುಗಳೆಲ್ಲ ಈ ಮೂರು ತಿಂಗಳುಗಳಲ್ಲಿಯೇ. ಅನುಕೂಲವಂತರ ಮನೆ ಮತ್ತು ಕಚೇರಿಗಳಲ್ಲಿ ತಂಪುಯಂತ್ರಗಳು ಬಂದ ಮೇಲಂತೂ, ಹೊರಗಿನ ಬೇಸಿಗೆಯನ್ನು ಹೊರಗೇ ಬಿಟ್ಟು ಒಳಗೊಂದು ಕೃತಕ ಚಳಿಗಾಲವನ್ನು ನಾವೇ ನಿರ್ಮಿಸಿಕೊಂಡಿದ್ದೇವೆ. ಒಣಗಿದ, ತಂಪಾದ, ಮತ್ತೆ ಮತ್ತೆ ಅಲ್ಲಿಯೇ ಸುತ್ತುವ ಗಾಳಿ. ವಿಷಾಣುವಿಗೆ ಇನ್ನೇನು ಬೇಕು? ಚೀನದ ಗ್ವಾಂಗ್‌ಜೌ ನಗರದ ಉಪಹಾರಗೃಹವೊಂದರಲ್ಲಿ 2020ರ ಜನವರಿ 24ರಂದು ಒತ್ತೊತ್ತಾಗಿ ಮೂರು ಮೇಜುಗಳಿಗೆ ಊಟಕ್ಕೆ ಕುಳಿತ ಮೂರು ಮನೆತನಗಳಲ್ಲಿ ಹತ್ತು ಜನರು ಕೋವಿಡ್ ರೋಗಿಗಳಾದರು. ಕಿಟಿಕಿಯಿಲ್ಲದ ಆ ಕೋಣೆಯಲ್ಲಿ ತಂಪುಯಂತ್ರದ ಗಾಳಿಯು ಅದೇ ಮೇಜುಗಳ ಮೇಲೆ ಸುತ್ತುತ್ತಿದ್ದಿತೆಂದು ಶೋಧಕರು ಕಂಡುಕೊಂಡರು. ಕಚೇರಿಯ ದೊಡ್ಡ ಸಾಹೇಬರ ಕೋಣೆಯಲ್ಲಿ ನಡೆಯುವ ಎರಡು ತಾಸಿನ ಸಭೆಯು ಇದಕ್ಕಿಂತ ಬಹಳ ಭಿನ್ನವೇನಲ್ಲ.

ಆದುದರಿಂದ ಸರಕಾರದವರೂ ನಗರಸಭೆಗಳವರೂ ಬಿಸಿಲನ್ನು ಲೆಕ್ಕದಲ್ಲಿ ಹಿಡಿಯಲಿ. ಆದರೆ ಜಮೆಯ ಬದಿಗೆ ಮೊದಲೇ ಬರೆದುಕೊಳ್ಳುವದು ಬೇಡ. ಇದು ಕೇವಲ ಹೊಸ ಜಾಡ್ಯದ ಮಾತಲ್ಲ. ಪ್ರತಿ ವರ್ಷ ಬರುವ ಇನ್‌ಫ್ಲುಯೆಂಝಾದ ವಿಷಯದಲ್ಲಿಯೂ ನಾವು ವಿಲಾಯತಿಯ ಪಂಚಾಂಗವನ್ನು ಕುರುಡಾಗಿ ಹಿಡಿದಿದ್ದೇವೆ. ಅಲ್ಲಿ ಆ ಜ್ವರವು ಚಳಿಗಾಲದ್ದು. ಲಸಿಕೆಯನ್ನು ಹಾಕಿಸಿಕೊಳ್ಳುವದು ಅಕ್ಟೋಬರದ ಸುಮಾರಿಗೆ. ಭಾರತದ ಹತ್ತು ಊರುಗಳ ಲೆಕ್ಕವನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಶೋಧವು ಬೇರೆಯೇ ಚಿತ್ರವನ್ನು ತೋರಿಸಿದೆ. ಶ್ರೀನಗರದಲ್ಲಿ ಮಾತ್ರ ಅದು ಯೂರೋಪಿನಂತೆ ಜನವರಿ-ಮಾರ್ಚ್‌ಗಳ ಚಳಿಯಲ್ಲಿ ಏರುತ್ತದೆ. ದಿಲ್ಲಿ, ಪುಣೆ, ನಾಗಪುರ, ಕಲಕತ್ತೆ ಮೊದಲಾದೆಡೆಗಳಲ್ಲಿ ಏರುವದು ಜೂನ್‌ನಿಂದ ಅಕ್ಟೋಬರದ ವರೆಗಿನ ಮಳೆಗಾಲದಲ್ಲಿ. ಹಿಂಗಾರು ಮಳೆಯ ಚೆನ್ನೈ, ವೆಲ್ಲೂರುಗಳಲ್ಲಿ ಅಕ್ಟೋಬರ-ನವಂಬರಗಳಲ್ಲಿ. ಅಂದಮೇಲೆ ಪುಣೆಯಂತೆಯೇ ಮುಂಗಾರನ್ನು ನಂಬಿರುವ ನಮ್ಮ ನಾಡಿನ ಬಹುಭಾಗದಲ್ಲಿ, ವೃದ್ಧರಿಗೂ ಗರ್ಭಿಣಿಯರಿಗೂ ಉಬ್ಬಸ, ಮಧುಮೂತ್ರಗಳುಳ್ಳವರಿಗೂ ಲಸಿಕೆಯು ತಲುಪಬೇಕಾದದ್ದು ಮಳೆ ಬೀಳುವದಕ್ಕೆ ಮೊದಲು. ಚುಚ್ಚಿದ ಮೇಲೆ ಅದರ ಬಲವು ದೇಹದಲ್ಲಿ ನೆಲೆಗೊಳ್ಳಲು ಎರಡು ವಾರಗಳಾದರೂ ಬೇಕು. ಎಪ್ರಿಲ್-ಮೇ ತಿಂಗಳುಗಳಲ್ಲಿ, "ಬಿಸಿಲು ಬಂತು, ಇನ್ನು ಜ್ವರದ ಕಾಟವಿಲ್ಲ" ಎಂದು ಊರೆಲ್ಲ ಹೇಳುತ್ತಿರುವಾಗ, ಜಿಲ್ಲಾ ವೈದ್ಯಾಧಿಕಾರಿಯ ಉಗ್ರಾಣಕ್ಕೆ ಲಸಿಕೆಯ ಪೆಟ್ಟಿಗೆಗಳು ಬಂದಿಳಿದಿರಬೇಕು.