ಗಾಜು ಎರಡು, ನಂಬರ್ ಒಂದೇ ಇರಬೇಕು

ಉದಗೀರ: ಅಜ್ಜನ ದಪ್ಪ ಗಾಜಿನ ಹಳೆಯ ಕನ್ನಡಕ ಕಪಾಟಿನಲ್ಲಿ ಬಿದ್ದಿರುತ್ತದೆ. ಎರಡು ಕಣ್ಣಿನ ಸ್ಟೀರಿಯೊ ಕ್ಯಾಮೆರಾ ಮನೆಯಲ್ಲೇ ಕಟ್ಟುವವರಿಗೆ ಬೇಕಾದ ಗಾಜೂ ಎರಡೇ. 'ರಟ್ಟಿನ ಡಬ್ಬಿಗೆ ಕೂಡಿಸಿದ್ರ ಆತು' ಅಂದುಕೊಂಡರೆ ಅಲ್ಲೇ ಎಡವಟ್ಟು.

ಈ ಕ್ಯಾಮೆರಾದಲ್ಲಿ ಸುಮಾರು 65 ಮಿ.ಮೀ. ಅಂತರದಲ್ಲಿರುವ ಎರಡು ಲೆನ್ಸ್ ಏಕಕಾಲಕ್ಕೆ ಎರಡು ಚಿತ್ರ ತೆಗೆಯುತ್ತವೆ. ಎಡಗಣ್ಣಿಗೆ ಎಡಚಿತ್ರ, ಬಲಗಣ್ಣಿಗೆ ಬಲಚಿತ್ರ ತೋರಿಸಿದರೆ ಉದಗೀರ ಕೋಟೆಯ ಬುರುಜು ಕಾಗದ ಬಿಟ್ಟು ಎದ್ದು ನಿಂತಂತೆ ಕಾಣುತ್ತದೆ. ಆದರೆ ಎರಡೂ ಲೆನ್ಸಿನ ಸಂಗಮ ದೂರ ಒಂದೇ ಇರಬೇಕು. ದೂರದ ವಸ್ತುವಿನ ಸ್ಪಷ್ಟ ಬಿಂಬ ಲೆನ್ಸಿನಿಂದ ಎಷ್ಟು ಹಿಂದೆ ಬೀಳುತ್ತದೋ ಅದೇ ಸಂಗಮ ದೂರ.

ಕಣ್ಣೊಳಗೆ ಕೃತಕ ಮಸೂರ ಕೂಡಿಸುವ ಪದ್ಧತಿ ಬರುವ ಮೊದಲು ಪೊರೆ ತೆಗೆಸಿಕೊಂಡವರಿಗೆ ಪ್ಲಸ್ 10ರ ಆಸುಪಾಸಿನ ಗಾಜು ಕೊಡುತ್ತಿದ್ದರು. ಎರಡೂ ಕಣ್ಣಿನ ನಂಬರ್ ಒಂದೇ ಇರುವುದು ಅಪರೂಪ. 1000ವನ್ನು ನಂಬರಿನಿಂದ ಭಾಗಿಸಿದರೆ ಸಂಗಮ ದೂರ ಮಿ.ಮೀ.ನಲ್ಲಿ ಸಿಗುತ್ತದೆ. ಪ್ಲಸ್ 10ಕ್ಕೆ 100, ಪ್ಲಸ್ 11ಕ್ಕೆ ಸುಮಾರು 91. ಮೊದಲ ಗಾಜಿನಲ್ಲಿ 50 ಮಿ.ಮೀ. ಎತ್ತರ ಬರುವ ಬುರುಜು ಎರಡನೆಯದರಲ್ಲಿ 45.5ಕ್ಕೆ ಇಳಿಯುತ್ತದೆ. ಒಂದು ಕಣ್ಣನ್ನು ಮೇಲೆ, ಇನ್ನೊಂದನ್ನು ಕೆಳಗೆ ಹೊರಳಿಸಿ ಇದನ್ನು ಸರಿದೂಗಿಸಲು ಆಗುವುದಿಲ್ಲ. ಬುರುಜು ಏಳುವುದಿಲ್ಲ, ತಲೆನೋವು ಮಾತ್ರ ಏಳುತ್ತದೆ.

ಕನ್ನಡಕದ ಅಂಗಡಿಯಲ್ಲಿ ಸಿಲಿಂಡರ್ ನಂಬರ್ ಇಲ್ಲದ, ಒಂದೇ ಕಂಪನಿಯ, ಒಂದೇ ನಂಬರಿನ ಎರಡು ಗಾಜು ಕೇಳಿ ತರುವುದು ಸುಲಭದ ದಾರಿ. ಚೀಟಿಯ ಮೇಲಿನ ನಂಬರ್ ಒಂದೇ ಐತಿ ಅಂತ ಅಷ್ಟಕ್ಕೇ ನಂಬಬಾರದು. ಗಾಜಿನ ಅಂಚು ಕೊರೆಸುವ ಮೊದಲೇ ಪರೀಕ್ಷೆ ಮಾಡಬೇಕು. ಕೊರೆಸಿದ ಗಾಜನ್ನು ಅಂಗಡಿಯವರು ವಾಪಸ್ ತಗೊಳ್ಳೋದು ಕಷ್ಟ.

ಕತ್ತಲ ಕೋಣೆಯ ಕಿಟಕಿಗೆ ಎದುರಾಗಿ ಗಾಜು ಹಿಡಿದು, ಹಿಂದೆ ಟ್ರೇಸಿಂಗ್ ಪೇಪರ್ ಇಟ್ಟು ದೂರದ ಕಟ್ಟಡದ ಬಿಂಬ ಸ್ಪಷ್ಟ ಮಾಡಿಕೊಳ್ಳಬೇಕು. ಅದರ ತುದಿ, ಬುಡ ಎರಡನ್ನೂ ಪೆನ್ಸಿಲಿನಿಂದ ಗುರುತಿಸಬೇಕು. ಇನ್ನೊಂದು ಗಾಜಿನಲ್ಲೂ ಅದೇ ಜಾಗದಿಂದ ಅದನ್ನೇ ಮಾಡಿ ಎರಡೂ ಗುರುತು ಅಳೆದರೆ ನಿಜ ಗೊತ್ತಾಗುತ್ತದೆ. 50 ಮಿ.ಮೀ.ಗೆ ಅರ್ಧ ಮಿ.ಮೀ. ವ್ಯತ್ಯಾಸ ಬಂದರೂ ಗಾಜು ಬದಲಿಸುವುದೇ ಲೇಸು.

ಇದು ಹಳೆಯ ತೊಡಕು. 19ನೇ ಶತಮಾನದಲ್ಲೇ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಇದಕ್ಕೆ ಸೂಚಿಸಿದ ಉಪಾಯ ಸರಳ: ಒಂದೇ ಲೆನ್ಸನ್ನು ನಡುವೆ ಕತ್ತರಿಸಿ ಎರಡು ಹೋಳು ಮಾಡುವುದು. ಒಂದೇ ಗಾಜಿನ ಹೋಳುಗಳಾದ್ದರಿಂದ ಸಂಗಮ ದೂರವೂ ಒಂದೇ.

ನಿಲಂಗಾದ ನೀಲಕಂಠೇಶ್ವರ ಗುಡಿ, ಉದಗೀರ ಕೋಟೆ ಎಲ್ಲೂ ಓಡಿಹೋಗುವುದಿಲ್ಲ. ಅಲ್ಲಿ ಒಂದೇ ಲೆನ್ಸಿನ ಕ್ಯಾಮೆರಾದಿಂದ ಒಂದು ಚಿತ್ರ ತೆಗೆದು, 65 ಮಿ.ಮೀ. ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆದರೂ ನಡೆಯುತ್ತದೆ. ಆದರೆ ಉಮರ್ಗಾದ ಹೆದ್ದಾರಿ ಬದಿಯ ಮಂದಿ ಯಾರಿಗೂ ಕಾಯುವುದಿಲ್ಲ. ಅಲ್ಲಿ ಎರಡು ಲೆನ್ಸ್ ಬೇಕೇ ಬೇಕು, ಅವು ಜೋಡಿಯಾಗಿಯೂ ಇರಬೇಕು. ಅಜ್ಜನ ಕನ್ನಡಕ ಕಪಾಟಿನಲ್ಲೇ ಇರಲಿ.