‘ಬೂಮ್’: ಜೇನುಹುಳುವಿನ ಸದ್ದಿನಿಂದ ಗಣಿ ದುಡ್ಡಿನವರೆಗೆ

ಕೊಟ್ಟೂರು: ಷೇರು ಪೇಟೆಯಲ್ಲಿ ಬೂಮ್, ನಿವೇಶನಗಳಿಗೆ ಬೂಮ್, ಚಿನ್ನದ ವ್ಯಾಪಾರಕ್ಕೆ ಬೂಮ್ ಎಂಬಂಥ ಮಾತುಗಳು ಕನ್ನಡ ಪತ್ರಿಕೆಗಳ ಶೀರ್ಷಿಕೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಸಾಮಾನ್ಯವಾಗಿವೆ. ಇಂಗ್ಲಿಷ್ ಬಾರದವರೂ ಈ ಪದವನ್ನು ಸಲೀಸಾಗಿ ಬಳಸುತ್ತಾರೆ. ಅದರಲ್ಲೂ ನಮ್ಮ ಸೀಮೆಗೆ ಇದರ ಪರಿಚಯ ತುಸು ಹೆಚ್ಚು. ಗಣಿ ಬೂಮ್ ಎಂಬುದರ ಏರನ್ನೂ ಇಳಿತವನ್ನೂ ಕಣ್ಣಾರೆ ಕಂಡ ನಾಡಿದು. ಆದರೆ ಈ ಪದಕ್ಕೂ ಹಣಕ್ಕೂ ಮೂಲದಲ್ಲಿ ಯಾವ ನಂಟೂ ಇರಲಿಲ್ಲ. ಅದು ಹುಟ್ಟಿದ್ದು ಒಂದು ಸದ್ದಿನಿಂದ. ಸದ್ದು ಸಂಪತ್ತಿನ ಹೆಸರಾದ ಬಗೆಯನ್ನು ತಿಳಿಯುವುದು ಕುತೂಹಲಕರ ಮಾತ್ರವಲ್ಲ, ಉಪಯುಕ್ತವೂ ಹೌದು.

ಸದ್ದನ್ನು ಅನುಕರಿಸುವ ಪದಗಳು

ಸದ್ದನ್ನೇ ಅನುಕರಿಸಿ ಹುಟ್ಟುವ ಪದಗಳು ಎಲ್ಲ ಭಾಷೆಗಳಲ್ಲಿಯೂ ಇವೆ. ಇಂಗ್ಲಿಷಿನಲ್ಲಿ ಇವಕ್ಕೆ ‘ಒನೊಮಟೊಪಿಯ’ ಎನ್ನುತ್ತಾರೆ. ಇದು ಗ್ರೀಕ್ ಭಾಷೆಯಿಂದ ಬಂದ ಮಾತು. ‘ಹೆಸರನ್ನು ಮಾಡುವುದು’ ಎಂಬುದು ಅದರ ಅರ್ಥ. ಕನ್ನಡ ವ್ಯಾಕರಣದಲ್ಲಿ ಇಂಥವನ್ನು ಅನುಕರಣಾವ್ಯಯಗಳು ಎಂದು ಕರೆಯಲಾಗಿದೆ. ಚಟಚಟ, ಪಟಪಟ, ದಡದಡ, ಗುಡುಗುಡು ಮೊದಲಾದವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ.

ಈ ವಿಷಯದಲ್ಲಿ ಕನ್ನಡ ಬಡ ಭಾಷೆಯಲ್ಲ. ಕನ್ನಡದ ಅನುಕರಣ ಪದಗಳು ಕಿವಿಗೆ ಕೇಳುವುದನ್ನಷ್ಟೇ ಹೇಳಿ ನಿಲ್ಲುವುದಿಲ್ಲ. ಥಳಥಳ ಎಂಬುದು ಕಣ್ಣಿಗೆ, ಗಮಗಮ ಎಂಬುದು ಮೂಗಿಗೆ, ಚುರುಚುರು ಎಂಬುದು ಚರ್ಮಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಮಂಡಕ್ಕಿ ಎನಿಸಿಕೊಳ್ಳುವ ತಿನಿಸು ಧಾರವಾಡದ ಕಡೆಗೆ ಹೋದರೆ ಚುರುಮುರಿಯಾಗುತ್ತದೆ. ಆ ಹೆಸರನ್ನು ಹೇಳುವಾಗಲೇ ಹಲ್ಲಿನ ನಡುವೆ ಅದು ಪುಡಿಯಾಗುವ ಸದ್ದು ಕೇಳಿದಂತಾಗುತ್ತದೆ.

ಮೊದಲ ಅರ್ಥ ಜೇನುಹುಳುವಿನದು

ಬೂಮ್ ಎಂದರೆ ತೋಪು ಹಾರಿದ ಸದ್ದು ಎಂದೇ ಹಲವರ ಭಾವನೆ. ವಾಸ್ತವದಲ್ಲಿ 15ನೇ ಶತಮಾನದ ಇಂಗ್ಲಿಷಿನಲ್ಲಿ ಈ ಪದದ ಹಳೆಯ ರೂಪ ಜೇನುಹುಳು, ದುಂಬಿಗಳ ಗುಂಯ್ ಎಂಬ ಸದ್ದನ್ನು ಹೇಳುತ್ತಿತ್ತು. ನಾವು ಗುಂಯ್‌ಗುಟ್ಟು ಎನ್ನುವ ಕಡೆ ಆಗಿನ ಇಂಗ್ಲಿಷರು ಇದನ್ನು ಬಳಸುತ್ತಿದ್ದರು. ಡಚ್ ಮತ್ತು ಜರ್ಮನ್ ಭಾಷೆಗಳಲ್ಲಿಯೂ ಇದನ್ನು ಹೋಲುವ ಪದಗಳಿವೆ. ಕ್ರಮೇಣ ಅದು ಯಾವುದೇ ತಗ್ಗು ದನಿಯ, ಆಳದಿಂದ ಬಂದು ಬಹು ದೂರ ಹರಡುವ ಸದ್ದಿಗೆ ಅನ್ವಯಿಸಿತು. ಸಮುದ್ರದ ಅಲೆ ಬಂಡೆಗೆ ಅಪ್ಪಳಿಸುವುದು, ಗುಡುಗು, ಕೊನೆಗೆ ಫಿರಂಗಿ, ಎಲ್ಲವೂ ಬೂಮ್ ಎನಿಸಿಕೊಂಡವು.

ಬಾಂಬ್ ಎಂಬ ಪದವೂ ಸದ್ದಿನ ಸಂತತಿಯೇ. ಗ್ರೀಕ್ ಭಾಷೆಯಲ್ಲಿ ಗಂಭೀರವಾದ, ಟೊಳ್ಳು ದನಿಯ ಸದ್ದಿಗೆ ‘ಬೊಂಬೊಸ್’ ಎಂದು ಹೆಸರು. ಅದು ಲ್ಯಾಟಿನ್, ಇಟಾಲಿಯನ್ ಭಾಷೆಗಳನ್ನು ಹಾದು ಬಾಂಬ್ ಆಯಿತು.

ಒಂದೇ ಕಾಗುಣಿತ, ಬೇರೆ ಬೇರು

ಓದುಗರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಇಂಗ್ಲಿಷಿನಲ್ಲಿ ಇದೇ ಕಾಗುಣಿತದ ಇನ್ನೊಂದು ಬೂಮ್ ಉಂಟು. ಅದಕ್ಕೂ ಸದ್ದಿಗೂ ಸಂಬಂಧವಿಲ್ಲ. ಡಚ್ ಭಾಷೆಯಲ್ಲಿ ಆ ಪದಕ್ಕೆ ಮರ ಎಂದು ಅರ್ಥ. ಹಾಯಿ ಹಡಗಿನಲ್ಲಿ ಹಾಯಿಯ ಅಡಿಯಂಚನ್ನು ಹಿಡಿದಿಡುವ ಉದ್ದನೆಯ ಕಂಬಕ್ಕೆ ಡಚ್ ನಾವಿಕರಿಂದ ಈ ಹೆಸರು ಇಂಗ್ಲಿಷಿಗೆ ಬಂತು. ಟೋಲ್ ಗೇಟಿನಲ್ಲಿ ಏಳುತ್ತ ಇಳಿಯುತ್ತ ವಾಹನ ತಡೆಯುವ ಅಡ್ಡಕಂಬವೂ, ಜೆಸಿಬಿ ಮತ್ತು ಹಿಟಾಚಿ ಯಂತ್ರಗಳ ಉದ್ದ ತೋಳೂ ಬೂಮ್ ಎನಿಸಿಕೊಳ್ಳುವುದು ಈ ಮರದಿಂದಲೇ. ಇನ್ನು ಎಸೆದವನ ಕಡೆಗೇ ತಿರುಗಿ ಬರುವ ಬೂಮರ‍್ಯಾಂಗ್ ಇವೆರಡಕ್ಕೂ ಸೇರಿದ್ದಲ್ಲ. ಅದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು.

ಹಣದ ಅರ್ಥ ಬಂದದ್ದು ಹೇಗೆ?

ವ್ಯಾಪಾರ ದಿಢೀರನೆ ಏರುವುದಕ್ಕೆ ಬೂಮ್ ಎನ್ನುವ ರೂಢಿ 1870ರ ದಶಕದ ಅಮೆರಿಕದಲ್ಲಿ ಕಾಣಿಸಿಕೊಂಡಿತು. ಇದಕ್ಕೆ ವಿದ್ವಾಂಸರು ಎರಡು ವಿವರಣೆಗಳನ್ನು ಕೊಡುತ್ತಾರೆ. ಸದ್ದು ಒಮ್ಮೆಲೇ ಎದ್ದು ಸುತ್ತ ಹರಡುವಂತೆ ವ್ಯಾಪಾರವೂ ಎದ್ದಿತೆಂಬುದು ಒಂದು. ಎಲ್ಲ ಹಾಯಿಗಳನ್ನೂ ಬಿಚ್ಚಿದ ಹಡಗು ಭೋರೆಂದು ನುಗ್ಗುವ ಚಿತ್ರದಿಂದ ಬಂದಿತೆಂಬುದು ಇನ್ನೊಂದು. ಮೂಲ ಯಾವುದೇ ಇರಲಿ, ಅರ್ಥ ಬೇಗನೆ ಬೆಳೆಯಿತು. ಗಣಿ, ರೈಲು ಬಂದೊಡನೆ ಬೆಳೆದ ಊರುಗಳು ಬೂಮ್ ಟೌನ್‌ಗಳಾದವು. ಎರಡನೇ ಮಹಾಯುದ್ಧದ ಬಳಿಕ, 1946ರಿಂದ 1964ರವರೆಗೆ ಅಮೆರಿಕದಲ್ಲಿ ಜನನ ಪ್ರಮಾಣ ಹೆಚ್ಚಿದ್ದನ್ನು ಬೇಬಿ ಬೂಮ್ ಎಂದರು.

ಇದರ ಜೊತೆಗಾರ ಪದವೊಂದಿದೆ. ಏರಿದ್ದು ಕುಸಿದಾಗ ಇಂಗ್ಲಿಷಿನವರು ‘ಬಸ್ಟ್’ ಎನ್ನುತ್ತಾರೆ. ಒಡೆಯುವುದು, ಸಿಡಿಯುವುದು ಎಂಬರ್ಥದ ‘ಬರ್ಸ್ಟ್’ ಪದದ ಆಡುರೂಪವಿದು. ‘ಬೂಮ್ ಆ್ಯಂಡ್ ಬಸ್ಟ್’ ಎಂದು ಎರಡನ್ನೂ ಸೇರಿಸಿ ಹೇಳುವುದು ಅಲ್ಲಿನ ವಾಡಿಕೆ. ಕನ್ನಡಕ್ಕೆ ಬಂದದ್ದು ಮಾತ್ರ ಮೊದಲಿನ ಪದ. ಎರಡನೆಯದು ಗಡಿಯಾಚೆಗೇ ಉಳಿಯಿತು.

ಮೂರು ಬೂಮ್ ಕೂಡಿದ ಸೀಮೆ

ಸಂಡೂರು, ಹೊಸಪೇಟೆ ಮತ್ತು ಬಳ್ಳಾರಿ ಸುತ್ತಲಿನ ಬೆಟ್ಟಗಳಲ್ಲಿ ಈ ಪದದ ಮೂರೂ ಅರ್ಥಗಳು ಒಂದೆಡೆ ಸೇರಿದವು. ಸಿಡಿಮದ್ದಿನ ಸದ್ದು ಒಂದು, ಅದಿರನ್ನು ಬಾಚುವ ಹಿಟಾಚಿಯ ತೋಳು ಇನ್ನೊಂದು, ಕೈಗೆ ಬಂದ ದುಡ್ಡು ಮೂರನೆಯದು. 2003ರ ಸುಮಾರಿಗೆ ಚೀನಾದ ಉಕ್ಕಿನ ಕಾರ್ಖಾನೆಗಳಿಂದ ಕಬ್ಬಿಣದ ಅದಿರಿಗೆ ಬೇಡಿಕೆ ಏರತೊಡಗಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಆ ಬೇಡಿಕೆ ಮತ್ತಷ್ಟು ಹೆಚ್ಚಿತು. ಹೊಸಪೇಟೆ, ಸಂಡೂರು ಭಾಗದಲ್ಲಿ ಹೊಲದ ಮೇಲ್ಪದರದಲ್ಲೇ ಅದಿರು ಸಿಗುತ್ತಿದ್ದುದರಿಂದ ರೈತರು ಬೆಳೆ ಬಿಟ್ಟು ಹೊಲವನ್ನೇ ಅಗೆಯಲು ಕೊಟ್ಟರು. ಸಾಲ ಮಾಡಿ ಲಾರಿ ಕೊಂಡವರಿಗೆ ಲೆಕ್ಕವಿಲ್ಲ. ಹೆದ್ದಾರಿಯ ಬದಿಯ ಮರ, ಮನೆ, ಬೆಳೆಗಳೆಲ್ಲ ಕೆಂಧೂಳು ಮೆತ್ತಿಕೊಂಡು ನಿಂತವು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ ತಮ್ಮ ಅಂತಿಮ ವರದಿ ಸಲ್ಲಿಸಿದರು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆದೇಶ ವಿಸ್ತರಣೆಯಾಯಿತು. ನಿಯಮ ಪಾಲಿಸಿದ ಗಣಿಗಳಿಗೆ ಮುಂದೆ ಹಂತಹಂತವಾಗಿ ಅನುಮತಿ ಸಿಕ್ಕಿತಾದರೂ, ಗಂಭೀರ ಉಲ್ಲಂಘನೆಯ ‘ಸಿ’ ವರ್ಗದ ಗಣಿಗಳ ಗುತ್ತಿಗೆಯನ್ನು 2013ರ ಏಪ್ರಿಲ್‌ನಲ್ಲಿ ನ್ಯಾಯಾಲಯ ರದ್ದುಪಡಿಸಿತು.

ಗಣಿ ನಿಂತಾಗ ಲಾರಿಗಳೂ ನಿಂತವು. ಕಂತು ಕಟ್ಟಲಾಗದೆ ಹಲವರು ಅವನ್ನು ಕಳೆದುಕೊಂಡರು. ಅಗೆದ ಹೊಲಗಳು ಮತ್ತೆ ಬಿತ್ತನೆಗೆ ಸುಲಭವಾಗಿ ಬರಲಿಲ್ಲ. ಬೂಮ್ ಎಂದವರು ಬಸ್ಟ್ ಎಂಬ ಮಾತನ್ನು ಹೇಳಿರಲೇ ಇಲ್ಲ.

ಕಿವಿ ಮೋಸಹೋದ ಸಂದರ್ಭಗಳು

ಬೂಮ್ ಪದ ತನ್ನ ಮೂಲ ಅರ್ಥದಲ್ಲಿಯೂ ಕನ್ನಡಿಗರನ್ನು ಬೆಚ್ಚಿಬೀಳಿಸಿದ್ದುಂಟು. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಭಾರೀ ಸದ್ದು ಕೇಳಿ ಕಿಟಕಿಗಳು ಅದುರಿದವು. ಭೂಕಂಪವೆಂದು ಜನ ಗಾಬರಿಯಾದರು. ಭೂಮಿ ಕಂಪಿಸಿಲ್ಲವೆಂದು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ತಿಳಿಸಿತು. ವಾಯುಪಡೆಯ ವಿಮಾನವೊಂದರ ಪರೀಕ್ಷಾ ಹಾರಾಟದ ವೇಳೆ ಉಂಟಾದ ‘ಸಾನಿಕ್ ಬೂಮ್’ ಅದೆಂದು ಸಂಜೆಯ ವೇಳೆಗೆ ರಕ್ಷಣಾ ಇಲಾಖೆ ಸ್ಪಷ್ಟಪಡಿಸಿತು. ವಿಮಾನವು ಶಬ್ದದ ವೇಗವನ್ನು ಮೀರಿ ಹಾರುವಾಗ ಅದರ ಮುಂದಿನ ಗಾಳಿಗೆ ಸರಿದುಕೊಳ್ಳಲು ಸಮಯ ಸಿಗುವುದಿಲ್ಲ. ಒತ್ತಿಕೊಂಡ ಗಾಳಿ ಆಘಾತದ ಅಲೆಯಾಗಿ ನೆಲಕ್ಕೆ ತಲುಪುತ್ತದೆ. ಅದೇ ಆ ಸದ್ದು.

ಎಂಟು ತಿಂಗಳ ಬಳಿಕ, 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸುತ್ತಮುತ್ತ ಅಂಥದೇ ಸದ್ದು ಕೇಳಿತು. ಆಗಲೂ ಭೂಕಂಪವೆಂಬ ಸುದ್ದಿಯೇ ಮೊದಲು ಹಬ್ಬಿತು. ಈ ಬಾರಿ ಅದು ಹುಣಸೋಡು ಬಳಿಯ ಕಲ್ಲು ಕ್ವಾರಿಗೆ ಸಂಬಂಧಿಸಿದ ಸ್ಫೋಟಕಗಳು ಸಿಡಿದ ಸದ್ದಾಗಿತ್ತು. ಕಾರ್ಮಿಕರು ಜೀವ ಕಳೆದುಕೊಂಡಿದ್ದರು. ಸದ್ದು ಒಂದೇ ಬಗೆಯದು, ಕಾರಣಗಳು ಬೇರೆ. ಸದ್ದಿಗೆ ಬೆರಗಾದವರು ಕಾರಣವನ್ನು ಆಮೇಲೆ ವಿಚಾರಿಸುತ್ತಾರೆ. ಮಾರುಕಟ್ಟೆಯ ಬೂಮ್‌ಗೂ ಈ ಮಾತು ಸಲ್ಲುತ್ತದೆ.

ಕನ್ನಡದ ದಾರಿ

ಸದ್ದಿನ ಪದಗಳನ್ನು ಬಳಸುವ ರೀತಿಯಲ್ಲಿ ಎರಡೂ ಭಾಷೆಗಳಿಗೆ ವ್ಯತ್ಯಾಸವಿದೆ. ಇಂಗ್ಲಿಷಿನಲ್ಲಿ ಸದ್ದು ನೇರವಾಗಿ ನಾಮಪದವೋ ಕ್ರಿಯಾಪದವೋ ಆಗಿಬಿಡುತ್ತದೆ. ಕನ್ನಡದಲ್ಲಿ ಬಹುಪಾಲು ಸದ್ದುಗಳು ‘ಎನ್ನು’ ಎಂಬ ಕ್ರಿಯಾಪದದ ಕೈ ಹಿಡಿದೇ ನಡೆಯುತ್ತವೆ. ಢಂ ಎಂದಿತು, ಧಡಾರನೆ ಬಿತ್ತು ಎಂದಾಗ ಸದ್ದು ಸದ್ದಾಗಿಯೇ ಉಳಿಯುತ್ತದೆ. ಗುಡುಗು, ಗುನುಗು ಮೊದಲಾದ ಕೆಲವು ಮಾತ್ರ ಸ್ವತಂತ್ರ ಕ್ರಿಯಾಪದಗಳಾಗಿವೆ. ನಾಯಕರು ಸದನದಲ್ಲಿ ‘ಗುಡುಗಿದರು’ ಎಂದು ಬರೆಯುವಾಗ ಪತ್ರಿಕೆಗಳೂ ಸದ್ದಿಗೆ ಹೊಸ ಅರ್ಥ ಕೊಡುತ್ತವೆ. ಗುಸುಗುಸು ಎಂಬ ಸದ್ದು ಗಾಳಿಸುದ್ದಿಯ ಹೆಸರಾದದ್ದೂ ಹೀಗೆಯೇ.

ಹಾಗಾದರೆ ಬೂಮ್‌ಗೆ ಕನ್ನಡದ ಪದ ಯಾವುದು? ಪತ್ರಿಕೆಗಳು ಭರಾಟೆ ಎಂದೂ ಸುಗ್ಗಿ ಎಂದೂ ಬರೆಯುತ್ತವೆ. ಇವೆರಡರಲ್ಲಿ ಸುಗ್ಗಿ ಎಂಬುದು ಒಕ್ಕಲುತನದ ಮಾತು. ಉತ್ತು ಬಿತ್ತಿದವನಿಗೆ ಮಾತ್ರ ಸುಗ್ಗಿ ಬರುತ್ತದೆ, ಒಂದು ವರ್ಷ ಕೈಕೊಟ್ಟರೂ ಮರುವರ್ಷದ ಆಸೆಯಿರುತ್ತದೆ. ಬೂಮ್‌ಗೆ ಹಿಂದೆ ಬಿತ್ತನೆಯೂ ಇಲ್ಲ, ಮುಂದೆ ಮರುವರ್ಷವೂ ಇಲ್ಲ. ಗಣಿಯ ದುಡ್ಡನ್ನು ಸುಗ್ಗಿ ಎಂದು ಕರೆದಾಗ ನಾವು ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ಭ್ರಮಿಸಿದೆವು.

2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಕೊಟ್ಟೂರೂ ಒಂದು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ ಅದು ಸೇರಿತು. ತಾಲ್ಲೂಕು, ಜಿಲ್ಲೆಗಳು ಹೊಸದಾಗಿ ರಚನೆಯಾದ ಕಡೆ ನಿವೇಶನ ಮಾರುವವರ ಬಾಯಲ್ಲಿ ಬೂಮ್ ಪದ ಬೇಗನೆ ಮೊಳಗುತ್ತದೆ. ಅದನ್ನು ಕೇಳಿದವರು ಹೊಲ ಮಾರುವ ಮುನ್ನ, ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಆ ಪದದ ಹುಟ್ಟನ್ನು ಒಮ್ಮೆ ನೆನೆಯುವುದು ಒಳಿತು. ಅದೊಂದು ಸದ್ದು. ಸದ್ದು ಎಷ್ಟೇ ದೊಡ್ಡದಿರಲಿ, ಅಡಗಲೇಬೇಕು. ಅಡಗಿದ ಮೇಲೂ ಕೈಯಲ್ಲಿ ಉಳಿಯುವುದೇನು ಎಂಬ ಲೆಕ್ಕವನ್ನು ಮೊದಲೇ ಹಾಕಿಕೊಂಡವರಿಗೆ ನಷ್ಟವಿಲ್ಲ.