‘ಈಗ ಶುರು ಮಾಡು’ ಅಂತ ಹೇಳೋರು ಯಾರು?

ಜೋಗದಿಂದ ಇಳಿದ ಶರಾವತಿ ಹೊನ್ನಾವರದ ಕಡೆ ಹೋಗುವ ದಾರಿಯಲ್ಲಿ ಗೇರುಸೊಪ್ಪ ಸಿಗುತ್ತದೆ. ಅಲ್ಲಿನ ಶರಾವತಿ ಟೇಲ್‌ರೇಸ್ ವಿದ್ಯುದಾಗಾರದಲ್ಲಿ ತಲಾ 60 ಮೆಗಾವ್ಯಾಟಿನ 4 ಯಂತ್ರಗಳಿವೆ. ಯಂತ್ರ ತಿರುಗಿದ ಮಾತ್ರಕ್ಕೆ ಗ್ರಿಡ್‌ಗೆ ಸೇರಿಸೋ ಹಾಗಿಲ್ಲ. ವೋಲ್ಟೇಜ್, ಫ್ರೀಕ್ವೆನ್ಸಿ, ಫೇಸ್ ಮೂರೂ ಹೊಂದಿದ ಕ್ಷಣಕ್ಕೇ ಬ್ರೇಕರ್ ಮುಚ್ಚಬೇಕು. ತಪ್ಪಿದರೆ ಶಾಫ್ಟ್‌ಗೇ ಏಟು. ಆ ಕ್ಷಣ ನೋಡಿ ಆಜ್ಞೆ ಕೊಡೋದು ಸಿಂಕ್ರೊನೈಸರ್.

ಇದರ ಪುಟ್ಟ ಮಾದರಿಯನ್ನು ಲ್ಯಾಬಿನಲ್ಲಿ ಪರೀಕ್ಷಿಸೋಣ ಅಂದುಕೊಳ್ಳಿ. ಗ್ರಿಡ್ ಅಲೆ ಟ್ರಾನ್ಸ್‌ಫಾರ್ಮರಿನಿಂದ ಕೆಲವೇ ವೋಲ್ಟ್‌ಗೆ ಇಳಿದು ಬರುತ್ತದೆ (230 ವೋಲ್ಟನ್ನು ಡ್ಯಾಕ್ ಕಾರ್ಡಿಗೆ ನೇರ ಕೊಟ್ಟರೆ ಕಾರ್ಡಿನ ಕಥೆ ಮುಗೀತು). ‘ಜನರೇಟರ್’ ಅಲೆಯನ್ನು ಕಾರ್ಡಿನ ಅನಲಾಗ್ ಔಟ್‌ಪುಟ್ ಕೊಡುತ್ತದೆ. ಎರಡರ ನಡುವೆ ಸರಿಯಾಗಿ 10 ಡಿಗ್ರಿ ಅಂತರ ಬೇಕು.

ಸಾಫ್ಟ್‌ವೇರಿನಲ್ಲಿ ಸ್ಟಾರ್ಟ್ ಒತ್ತಿದರೆ ಆಗಲ್ವಾ? ಆಗಲ್ಲ. 50 ಹರ್ಟ್ಝ್‌ನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್, ಅಂದರೆ 1 ಮಿಲಿಸೆಕೆಂಡ್ ತಡವಾದರೆ 18 ಡಿಗ್ರಿ. ವಿಂಡೋಸ್ ಪ್ರತಿ ಸಲ ಬೇರೆ ಬೇರೆ ತಡ ಮಾಡುತ್ತೆ. ಫಲಿತಾಂಶ ಕೆಟ್ಟಾಗ ಬೈಗುಳ ತಿನ್ನೋದು ಪಾಪ ಸಿಂಕ್ರೊನೈಸರ್!

ಹಾಗಾಗಿ ಆಜ್ಞೆ ಹಾರ್ಡ್‌ವೇರಿನಿಂದಲೇ ಬರಬೇಕು. ಅಲೆಯ ಸ್ಯಾಂಪಲ್‌ಗಳನ್ನು ಮೊದಲೇ ಬಫರಿಗೆ ತುಂಬಿ, ಸ್ಟಾರ್ಟ್ ಟ್ರಿಗರ್ ಹೊಂದಿಸಿ, ಟಾಸ್ಕ್ ಶುರು ಮಾಡುತ್ತೇವೆ. ಆದರೂ ಸಿಗ್ನಲ್ ಹೊರಡುವುದಿಲ್ಲ, ಕಾಯುತ್ತಾ ಕೂರುತ್ತದೆ. ಗ್ರಿಡ್ ಅಲೆ ಸೊನ್ನೆ ದಾಟಿ ಮೇಲೇರುವಾಗ ಕಂಪ್ಯಾರೇಟರ್ ಒಂದು ಡಿಜಿಟಲ್ ಅಂಚು ಕೊಡುತ್ತದೆ. ಆಗ ಮೊದಲ ಸ್ಯಾಂಪಲ್ ಹೊರಬೀಳುತ್ತದೆ. ಬಫರಿನ ಅಲೆಯೇ 10 ಡಿಗ್ರಿಯಿಂದ ಶುರುವಾಗುವಂತೆ ಬರೆದಿದ್ದರೆ ಅಂತರ ತಾನಾಗೇ ಬಂತು. ಸೊನ್ನೆಯ ಹತ್ತಿರ ನಾಯ್ಸ್ ಇದ್ದರೆ ಅಂಚು ಬೇಗನೇ ಹುಟ್ಟಿಬಿಡಬಹುದು, ಅದಕ್ಕೆ ಕಂಪ್ಯಾರೇಟರಿಗೆ ಸ್ವಲ್ಪ ಹಿಸ್ಟರೆಸಿಸ್ ಇರಲಿ. ಅದರಿಂದಾಗುವ ಚೂರು ವಿಳಂಬ ಪ್ರತಿ ಸಲ ಹೆಚ್ಚುಕಡಿಮೆ ಒಂದೇ, ಲೆಕ್ಕದಲ್ಲಿ ಕಳೆದುಬಿಡಬಹುದು.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಟ್ರಿಗರ್ ಹೇಳೋದು ಯಾವಾಗ ಹೊರಡಬೇಕು ಅಂತ ಅಷ್ಟೇ. ಆಮೇಲಿನ ವೇಗ ಕಾರ್ಡಿನ ಕ್ಲಾಕಿನದು. ಗ್ರಿಡ್ 49.9 ಹರ್ಟ್ಝ್‌ನಲ್ಲಿದ್ದು ನಮ್ಮ ಅಲೆ 50ರಲ್ಲಿದ್ದರೆ, ಫೇಸ್ ಸೆಕೆಂಡಿಗೆ 36 ಡಿಗ್ರಿ ಜಾರುತ್ತದೆ. ಸ್ಲಿಪ್ ಪರೀಕ್ಷೆಗೆ ಇದೇ ಬೇಕು. ಸ್ಥಿರ ಅಂತರ ಬೇಕಿದ್ದರೆ ಮೊದಲ ಕೆಲವು ಆವರ್ತಗಳಷ್ಟೇ ನಂಬಿಕೆಗೆ ಅರ್ಹ.

ಕಾರ್ಡ್ ತರೋ ಮೊದಲು ಮ್ಯಾನ್ಯುಯಲ್ ನೋಡಿ. ಅನೇಕ ಲ್ಯಾಬ್‌ಗಳಲ್ಲಿರುವ ಯುಎಸ್‌ಬಿ-6009ರ ಅನಲಾಗ್ ಔಟ್‌ಪುಟ್ ಸಾಫ್ಟ್‌ವೇರ್ ಸಮಯದ್ದು, ಸೆಕೆಂಡಿಗೆ 150 ಸ್ಯಾಂಪಲ್ ಮಾತ್ರ: 50 ಹರ್ಟ್ಝ್‌ನ ಆವರ್ತಕ್ಕೆ ಮೂರೇ ಚುಕ್ಕಿ. ಈ ಕೆಲಸಕ್ಕೆ ಅದು ಸಾಲದು. ಇನ್ನು, ಟಾಸ್ಕ್ ನಿಂತರೂ ಔಟ್‌ಪುಟ್ ಸಾಮಾನ್ಯವಾಗಿ ಕೊನೆಯ ವೋಲ್ಟೇಜಿನಲ್ಲೇ ಉಳಿಯುತ್ತದೆ. ವೈರು ಬಿಚ್ಚೋ ಮುಂಚೆ ಸೊನ್ನೆ ಬರೆದುಬಿಡಿ.